ಬಾನುಲಿಯ ಸಾಕ್ಷ್ಯರೂಪಕವೂ ಗಡಿನಾಡಿನ ಶಿಕ್ಷಕರೂ

ಬಾನುಲಿಯಿಂದ ಬಿತ್ತರಗೊಳ್ಳುವ ಕಾರ್ಯಕ್ರಮಗಳಲ್ಲಿ ವಾರ್ತೆ, ಭಾಷಣ, ಸಂಗೀತ, ನಾಟಕ ಇವು ಎಲ್ಲರಿಗೂ ಪರಿಚಿತವಾದವು. ಇವುಗಳಲ್ಲಿ ಯಾವ ಒಂದಕ್ಕೂ ಪೂರ್ತಿ ಸೇರದೆ, ನಾಲ್ಕರಿಂದಲೂ ಅಷ್ಟಷ್ಟು ಪಡೆದು ಬೆಳೆದ ಐದನೆಯ ಪ್ರಕಾರವೊಂದುಂಟು. ಅದು ವಾರ್ತೆಯಂತೆ ನಡೆದುದನ್ನೇ ಹೇಳುತ್ತದೆ. ಆದರೆ ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸುವುದಿಲ್ಲ. ಭಾಷಣದಂತೆ ವಿಷಯವನ್ನು ವಿವರಿಸುತ್ತದೆ. ಆದರೆ ಅಲ್ಲಿ ಒಬ್ಬರೇ ಮಾತನಾಡುವುದಿಲ್ಲ. ನಾಟಕದಂತೆ ಹಲವು ದನಿಗಳಿಂದ ಕೂಡಿರುತ್ತದೆ. ಆದರೆ ಆ ದನಿಗಳು ನಟರವಲ್ಲ. ದೂರದ ದೇಶದ ಜನಜೀವನ, ಒಂದು ರಾಜ್ಯದ ಏಳುಬೀಳು, ಒಂದು ಹಾಡಿನ ಹುಟ್ಟು, ಒಂದು ಯುದ್ಧದ ನೆನಪು, ಇಂತಹ ವಸ್ತುವನ್ನು ಬಲ್ಲವರ ಮತ್ತು ಬಾಳಿದವರ ಬಾಯಿಂದಲೇ ಕೇಳಿಸಿ ಅರ್ಥಮಾಡಿಸುವ ಈ ಪ್ರಕಾರವನ್ನು ನಾವು ಇಲ್ಲಿ ‘ಸಾಕ್ಷ್ಯರೂಪಕ’ವೆಂದು ಕರೆದಿದ್ದೇವೆ. ಅದರ ಸ್ವರೂಪವೇನು, ಅದು ಬೆಳೆದುಬಂದ ಬಗೆ ಹೇಗೆ, ಕೊರೋಚಿ, ಇಚಲಕರಂಜಿ, ಗಡಹಿಂಗ್ಲಜಗಳಂತಹ ಗಡಿಪ್ರದೇಶದ ಶಿಕ್ಷಕರಿಗೆ ಅದರಿಂದ ಆಗಬಹುದಾದ ಪ್ರಯೋಜನವೇನು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೧. ಹೆಸರು ಮತ್ತು ಸ್ವರೂಪ

‘ರೂಪಕ’ವೆಂಬ ಶಬ್ದ ನಮ್ಮ ಕಾವ್ಯಮೀಮಾಂಸೆಗೆ ಹಳೆಯದು. ಅಲಂಕಾರಶಾಸ್ತ್ರದಲ್ಲಿ ಅದೊಂದು ಅಲಂಕಾರ. ನಾಟ್ಯಶಾಸ್ತ್ರದಲ್ಲಿ ದೃಶ್ಯಕಾವ್ಯಕ್ಕೆ ಅದೇ ಹೆಸರು. ಆಕಾಶವಾಣಿಯವರು ಕಣ್ಣಿಗೆ ಕಾಣಿಸದ, ಕಿವಿಗೆ ಮಾತ್ರ ಸಲ್ಲುವ ರಚನೆಗೂ ಈ ಶಬ್ದವನ್ನೇ ಬಳಸಿಕೊಂಡರು. ಗೀತರೂಪಕ, ಸಂಗೀತರೂಪಕ, ಧ್ವನಿರೂಪಕ ಮೊದಲಾದ ಮಾತುಗಳು ಹೀಗೆ ರೂಢಿಗೆ ಬಂದವು. ಮರಾಠಿಯವರು ಬಾನುಲಿಯನ್ನು ‘ನಭೋವಾಣಿ’ಯೆಂದೂ ಬಾನುಲಿ ನಾಟಕವನ್ನು ‘ಶ್ರುತಿಕಾ’ ಎಂದೂ ಕರೆದರು. ನಮ್ಮ ಭಾಗದ ಮಕ್ಕಳಿಗೆ ಬಾನುಲಿಯೆಂದರೂ ನಭೋವಾಣಿಯೆಂದರೂ ಅರ್ಥವಾಗುತ್ತದೆ; ಮನೆಯಲ್ಲಿ ಮಾತ್ರ ಎಲ್ಲರೂ ರೇಡಿಯೋ ಎನ್ನುತ್ತಾರೆ.

ಸಾಕ್ಷ್ಯರೂಪಕಕ್ಕೆ ನಾಲ್ಕು ಅಂಗಗಳುಂಟು. ಮೊದಲನೆಯದು, ಘಟನೆಯನ್ನು ಕಂಡವರ ಅಥವಾ ಕೆಲಸವನ್ನು ಮಾಡಿದವರ ಸ್ವಂತ ದನಿ. ಎರಡನೆಯದು, ಆ ಸ್ಥಳದ ಸಪ್ಪಳ: ಸಂತೆಯ ಗದ್ದಲ, ಬಾವಿಯ ಗಾಲಿ, ಮಗ್ಗದ ಬಡಿತ. ಮೂರನೆಯದು, ಆ ಜನರ ಹಾಡು ಅಥವಾ ವಾದ್ಯ. ನಾಲ್ಕನೆಯದು, ಇವೆಲ್ಲವನ್ನೂ ಹೆಣೆಯುವ ನಿರೂಪಕನ ಮಾತು. ಇವುಗಳಲ್ಲಿ ನಿರೂಪಕನ ಮಾತು ಎಷ್ಟು ಕಡಿಮೆಯೋ ರೂಪಕವು ಅಷ್ಟು ಒಳ್ಳೆಯದೆಂಬುದು ಬಲ್ಲವರ ಮತ. ಬರೆದ ಇತಿಹಾಸದಲ್ಲಿ ಸಾಕ್ಷಿಯ ಮಾತು ಮಾತ್ರ ಉಳಿಯುತ್ತದೆ. ಅವನು ಎಲ್ಲಿ ತಡವರಿಸಿದನು, ಯಾವ ಹೆಸರು ಬಂದಾಗ ದನಿ ತಗ್ಗಿಸಿದನು, ಯಾವ ಪ್ರಶ್ನೆಗೆ ಸುಮ್ಮನಾದನು ಎಂಬುದು ಕಾಗದಕ್ಕೆ ಬರುವುದಿಲ್ಲ, ಧ್ವನಿಗೆ ಬರುತ್ತದೆ. ಧ್ವನಿಯೇ ಸಾಕ್ಷ್ಯವಾಗುವುದು ಹೀಗೆ.

೨. ಮ್ಯಾಂಚೆಸ್ಟರಿನ ಪಾಠ

ಈ ಪ್ರಕಾರವು ಹುಟ್ಟಿದುದು ೧೯೩೦ರ ಆಸುಪಾಸಿನಲ್ಲಿ. ಜರ್ಮನಿಯ ವಾಲ್ಟರ್ ರುಟ್‌ಮನ್ ಎಂಬವರು ೧೯೩೦ರಲ್ಲಿ ಬರ್ಲಿನ್ ನಗರದ ಒಂದು ವಾರಾಂತ್ಯವನ್ನು ಬರಿಯ ಸಪ್ಪಳಗಳಿಂದಲೇ ಹೆಣೆದು ಸುಮಾರು ಹನ್ನೊಂದು ನಿಮಿಷಗಳ ರಚನೆಯೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಚಿತ್ರವಿಲ್ಲ, ಕಥೆಯೂ ಇಲ್ಲ. ಕೆಲಸ ನಿಲ್ಲುವುದು, ಜನ ಊರ ಹೊರಗೆ ಹೋಗುವುದು, ಮತ್ತೆ ಸೋಮವಾರದ ಕೆಲಸ ತೊಡಗುವುದು ಎಲ್ಲವೂ ಕಿವಿಯಿಂದಲೇ ತಿಳಿಯುತ್ತದೆ.

ಆದರೆ ನಮ್ಮ ಭಾಗದವರಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನದು. ಇಚಲಕರಂಜಿಯನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆ ಮೂಲ ಮ್ಯಾಂಚೆಸ್ಟರಿನಲ್ಲಿ ೧೯೩೦ರ ದಶಕದಲ್ಲಿ ಬಿ.ಬಿ.ಸಿ.ಯ ಆಲಿವ್ ಶಾಪ್ಲಿ ಎಂಬ ಮಹಿಳೆಯು, ತಟ್ಟೆಗಳ ಮೇಲೆ ಧ್ವನಿ ಕೊರೆಯುವ ಯಂತ್ರವಿದ್ದ ಭಾರಿ ವಾಹನವೊಂದನ್ನು ತೆಗೆದುಕೊಂಡು ಕೂಲಿಕಾರರ ಓಣಿಗಳಿಗೆ ಹೋದರು. ಅದುವರೆಗೆ ಬಾನುಲಿಯಲ್ಲಿ ಬಡವನ ಮಾತು ಕೇಳಿಸಬೇಕಾದರೆ ಅವನು ಹೇಳಿದುದನ್ನು ಬರೆದುಕೊಂಡು ಬಂದು, ತಿದ್ದಿ, ನಟನಿಂದ ಓದಿಸುವುದು ವಾಡಿಕೆಯಾಗಿದ್ದಿತು. ಶಾಪ್ಲಿಯವರು ಆ ಜನರಿಂದಲೇ ಮಾತನಾಡಿಸಿದರು. ಫ್ರೆಡರಿಕ್ ಏಂಗೆಲ್ಸನು ೧೮೪೫ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮ್ಯಾಂಚೆಸ್ಟರಿನ ಶ್ರಮಿಕರ ಸ್ಥಿತಿಯನ್ನು ವರ್ಣಿಸಿದ್ದನು. ಸುಮಾರು ಒಂದು ಶತಮಾನದ ಮೇಲೆ ಆ ಸ್ಥಿತಿ ಎಷ್ಟು ಬದಲಾಗಿದೆಯೆಂದು ನೋಡುವುದಕ್ಕಾಗಿ ೧೯೩೯ರಲ್ಲಿ ಜೋನ್ ಲಿಟಲ್‌ವುಡ್ ಅವರೊಡನೆ ಶಾಪ್ಲಿಯವರು ‘ದಿ ಕ್ಲಾಸಿಕ್ ಸಾಯಿಲ್’ ಎಂಬ ರೂಪಕವನ್ನು ರಚಿಸಿದರು. ಹಳೆಯ ಗ್ರಂಥದ ವರ್ಣನೆ ಒಂದು ಕಡೆ, ಅಂದು ಬದುಕಿದ್ದವರ ದನಿ ಇನ್ನೊಂದು ಕಡೆ. ಹೋಲಿಸುವ ಕೆಲಸ ಕೇಳುವವರದು.

ಮುಂದೆ ೧೯೫೮ರಲ್ಲಿ ಚಾರ್ಲ್ಸ್ ಪಾರ್ಕರ್, ಇವಾನ್ ಮೆಕಾಲ್, ಪೆಗಿ ಸೀಗರ್ ಎಂಬ ಮೂವರು ‘ರೇಡಿಯೋ ಬ್ಯಾಲಡ್’ ಎಂಬ ಹೊಸ ಬಗೆಯನ್ನು ತಂದರು. ಹಿಡಿತ ತಪ್ಪಿದ ರೈಲನ್ನು ನಿಲ್ಲಿಸಲೆತ್ನಿಸಿ ೧೯೫೭ರಲ್ಲಿ ಪ್ರಾಣತೆತ್ತ ಜಾನ್ ಆಕ್ಸನ್ ಎಂಬ ಚಾಲಕನ ಕಥೆ ಅದರಲ್ಲಿ ಮೊದಲನೆಯದು. ಅವನ ಜೊತೆಗಾರರ ಮಾತು, ರೈಲಿನ ಸಪ್ಪಳ, ಆ ಮಾತುಗಳಿಂದಲೇ ಹುಟ್ಟಿದ ಹಾಡು ಇವು ಮೂರೇ ಅಲ್ಲಿಯ ಸಾಮಗ್ರಿ. ೧೯೬೪ರವರೆಗೆ ಇಂತಹ ಎಂಟು ರಚನೆಗಳು ಬಂದವು. ಮೀನುಗಾರರನ್ನು ಕುರಿತ ಒಂದಕ್ಕೆ ೧೯೬೦ರಲ್ಲಿ ‘ಪ್ರಿ ಇಟಾಲಿಯಾ’ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ದೊರೆಯಿತು.

ಈ ‘ಹೊಸ ಬಗೆ’ ಲಾವಣಿಯನ್ನು ಕೇಳಿ ಬೆಳೆದ ಸೀಮೆಯವರಿಗೆ ಅಷ್ಟೇನೂ ಹೊಸದಲ್ಲ. ೧೮೫೭ರಲ್ಲಿ ಹಲಗಲಿಯ ಬೇಡರು ಆಯುಧವನ್ನು ಒಪ್ಪಿಸಲೊಲ್ಲದೆ ಸರಕಾರದ ಮೇಲೆ ಎದ್ದುನಿಂತ ಪ್ರಸಂಗವು ಲಾವಣಿಯಾಗಿ ಹಾಡಿಕೆಯಲ್ಲಿ ಉಳಿಯಿತು. ಫ್ಲೀಟ್ ಸಾಹೇಬರು ಅದನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚುಮಾಡಿಸಿದರು. ಬೈಲಹೊಂಗಲದ ಕಡೆಯ ನಿಜಸಂಗತಿಯೊಂದು ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಯಿತು. ನಡೆದುದನ್ನು ಹಾಡಿನಲ್ಲಿ ಹಿಡಿದಿಡುವ ವಿದ್ಯೆ ನಮ್ಮಲ್ಲಿ ಇದ್ದೇ ಇದ್ದಿತು. ಇಲ್ಲದಿದ್ದುದು ಹಾಡಿದವನ ದನಿಯನ್ನು ಹಿಡಿದಿಡುವ ಯಂತ್ರ.

ಯಂತ್ರವು ಹಗುರವಾದಂತೆ ಸಾಕ್ಷ್ಯರೂಪಕದ ಹರವು ಹೆಚ್ಚಿತು. ಕಾಶಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ದೇಬೇನ್ ಭಟ್ಟಾಚಾರ್ಯರು ೧೯೫೫ರಲ್ಲಿ ಹಾಲಿನ ಹಳೆಯ ಗಾಡಿಯೊಂದನ್ನು ಮಾರ್ಪಡಿಸಿಕೊಂಡು, ಧ್ವನಿಮುದ್ರಣ ಯಂತ್ರದೊಡನೆ ಯುರೋಪಿನಿಂದ ತುರ್ಕಿ, ಸಿರಿಯಾ, ಇರಾಕ್, ಇರಾನ್, ಅಫಘಾನಿಸ್ತಾನಗಳ ಮಾರ್ಗವಾಗಿ ಭಾರತಕ್ಕೆ ಬಂದರು. ದಾರಿಯುದ್ದಕ್ಕೂ ಅವರು ಆಯಾ ಊರಿನ ಹಾಡುಗಳನ್ನು ಸಂಗ್ರಹಿಸಿದರು. ಜಗತ್ತಿನ ಸಂಗೀತವನ್ನು ಬಾನುಲಿಯ ಮೂಲಕ ಪರಿಚಯಿಸಿದವರಲ್ಲಿ ಭಾರತೀಯರೊಬ್ಬರ ಹೆಸರು ಮುಂಚೂಣಿಯಲ್ಲಿರುವುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ.

೩. ನಮ್ಮ ಸೀಮೆಗೆ ಬಂದ ಅಲೆಗಳು

ಕನ್ನಡನಾಡಿನಲ್ಲಿ ಬಾನುಲಿಯ ಆರಂಭವೂ ಶಿಕ್ಷಕರೊಬ್ಬರಿಂದಲೇ ಆಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣ ಪ್ರಸಾರಯಂತ್ರವನ್ನು ನೆಲೆಗೊಳಿಸಿ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಕಾರ್ಯಕ್ರಮಗಳನ್ನು ಬಿತ್ತರಿಸತೊಡಗಿದರು. ಆ ಹೆಸರೇ ಮುಂದೆ ಭಾರತದ ಇಡೀ ಬಾನುಲಿ ಸಂಸ್ಥೆಗೆ ಬಂದಿತು.

ಉತ್ತರ ಕರ್ನಾಟಕಕ್ಕೆ ಧಾರವಾಡ ಕೇಂದ್ರವು ೧೯೫೦ರ ಜನವರಿ ೮ರಂದು ದೊರೆಯಿತು. ವರಕವಿ ಬೇಂದ್ರೆಯವರು, ಗಾಯಕ ಮಲ್ಲಿಕಾರ್ಜುನ ಮನ್ಸೂರರು ಅದಕ್ಕೆ ಸಲಹೆಗಾರರಾಗಿ ದುಡಿದರು. ಇಲ್ಲಿ ಗಡಿನಾಡಿನವರು ಗಮನಿಸಬೇಕಾದ ಅಂಶವೊಂದಿದೆ. ಕೊಲ್ಹಾಪುರ ಸಂಸ್ಥಾನವು ೧೯೪೯ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದಿತು. ಧಾರವಾಡವೂ ಆಗ ಅದೇ ಪ್ರಾಂತದಲ್ಲಿದ್ದಿತು. ಎಂದರೆ ಕೊರೋಚಿಯಲ್ಲಿ ಕುಳಿತು ಧಾರವಾಡವನ್ನು ಕೇಳಿದವನು ತನ್ನದೇ ರಾಜ್ಯದ ಕೇಂದ್ರವನ್ನು ಕೇಳುತ್ತಿದ್ದನು. ೧೯೫೬ರ ನವೆಂಬರ ೧ರಂದು ಧಾರವಾಡವು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೦ರ ಮೇ ೧ರಂದು ನಾವು ಮಹಾರಾಷ್ಟ್ರದವರಾದೆವು. ಅಲೆ ಮಾತ್ರ ಮೊದಲಿನಂತೆಯೇ ಬರುತ್ತಿದ್ದಿತು. ೧೯೬೩ರಲ್ಲಿ ಸಾಂಗಲಿ ಕೇಂದ್ರವು ಆರಂಭವಾದ ಮೇಲೆ ಮುಳ್ಳನ್ನು ಸ್ವಲ್ಪ ತಿರುಗಿಸಿದರೆ ಮರಾಠಿ, ಮತ್ತೆ ತಿರುಗಿಸಿದರೆ ಕನ್ನಡ ಎಂಬಂತಾಯಿತು. ಒಂದೇ ಪೆಟ್ಟಿಗೆಯಲ್ಲಿ ಎರಡು ನಾಡುಗಳು ದೊರೆತ ಈ ಅನುಕೂಲ ರಾಜಧಾನಿಯಲ್ಲಿರುವ ವಿದ್ಯಾರ್ಥಿಗೆ ಇರಲಿಲ್ಲ.

ಆಕಾಶವಾಣಿಯು ಸಾಕ್ಷ್ಯರೂಪಕದಲ್ಲಿ ಹಿಂದುಳಿದಿರಲಿಲ್ಲ. ೧೯೪೮ರಲ್ಲಿ ಗಾಂಧೀಜಿಯವರ ಅಂತ್ಯಯಾತ್ರೆಯನ್ನು ಗಂಟೆಗಟ್ಟಲೆ ವರ್ಣಿಸಿದ ಮೆಲ್ವಿಲ್ ಡಿ ಮೆಲೋ ಅವರು ಗೀರ್ ಅರಣ್ಯದ ಸಿಂಹಗಳನ್ನು ಕುರಿತು ರಚಿಸಿದ ರೂಪಕಕ್ಕೆ ಮೇಲೆ ಹೇಳಿದ ಪ್ರಿ ಇಟಾಲಿಯಾ ಪ್ರಶಸ್ತಿ ಬಂದಿತು. ೧೯೯೦ರ ದಶಕದ ಮೊದಲ ಭಾಗದಲ್ಲಿ ಮಾನವನ ವಿಕಾಸವನ್ನು ಕುರಿತ ದೀರ್ಘ ವಿಜ್ಞಾನಮಾಲಿಕೆಯೊಂದು ದೇಶದ ಹಲವು ಭಾಷೆಗಳಲ್ಲಿ ಬಿತ್ತರಗೊಂಡಿತು. ಇಂದು ದೂರದ ಕೇಂದ್ರಗಳನ್ನು ಕೇಳುವ ಬಗೆ ಬದಲಾಗಿದೆ. ೧೯೪೦ರಿಂದ ನಡೆದುಬಂದಿದ್ದ ಬಿ.ಬಿ.ಸಿ.ಯ ಹಿಂದಿ ಕಿರುತರಂಗ ಪ್ರಸಾರವು ೨೦೨೦ರ ಜನವರಿ ೩೧ಕ್ಕೆ ನಿಂತಿತು. ಅದೇ ಬಿ.ಬಿ.ಸಿ.ಯ ವಿಶ್ವಸೇವೆಯ ಇಂಗ್ಲಿಷ್ ಸಾಕ್ಷ್ಯರೂಪಕಗಳನ್ನು ಈಗ ಮೊಬೈಲಿನಲ್ಲಿ ಬೇಕಾದ ಹೊತ್ತಿಗೆ ಕೇಳಬಹುದಾಗಿದೆ. ಪೆಟ್ಟಿಗೆ ಹೋಗಿರಬಹುದು, ಪ್ರಕಾರ ಹೋಗಿಲ್ಲ.

೪. ಒಂದು ರೂಪಕದ ಹಂದರ

ಜಗತ್ತಿನ ಸಂಸ್ಕೃತಿಯೆಂದರೆ ಬಹಳ ದೂರದ ವಸ್ತುವೆಂದು ಮಕ್ಕಳು ತಿಳಿಯುತ್ತಾರೆ. ಅದು ಹಾಗಲ್ಲವೆಂಬುದನ್ನು ತೋರಿಸಲು ನಮ್ಮ ಸೀಮೆಯ ಸಂಗೀತವನ್ನೇ ವಸ್ತುವಾಗಿಟ್ಟುಕೊಂಡು ಒಂದು ಸಾಕ್ಷ್ಯರೂಪಕವನ್ನು ಹೇಗೆ ಕಟ್ಟಬಹುದೆಂದು ನೋಡೋಣ.

ಆರಂಭ ಮಿರಜದಲ್ಲಿ. ಸಿತಾರ ತಂಬೂರಿಗಳನ್ನು ತಯಾರಿಸುವವರ ಓಣಿ. ಕುಂಬಳದ ಬುರುಡೆಯನ್ನು ಕೊರೆಯುವ ಸಪ್ಪಳ, ತಂತಿಯನ್ನು ಬಿಗಿಯುವ ಸಪ್ಪಳ. ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದನ್ನು ನಿರೂಪಕನು ಒಂದು ಮಾತಿನಲ್ಲಿ ಹೇಳಿದರೆ ಸಾಕು. ಮುಂದಿನ ಭಾಗ ಬಾಲಕೃಷ್ಣಬುವಾ ಇಚಲಕರಂಜೀಕರರದು. ೧೮೪೯ರಲ್ಲಿ ಹುಟ್ಟಿದ ಅವರು ಗ್ವಾಲಿಯರದ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದರು; ವಿಷ್ಣು ದಿಗಂಬರ ಪಲುಸ್ಕರರು ಅವರ ಶಿಷ್ಯರು. ಮಿರಜದಲ್ಲಿ ನೆಲೆಸಿದ ಅಬ್ದುಲ್ ಕರೀಂಖಾನರಿಂದ ಕಿರಾಣಾ ಗಾಯಕಿಯು ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರಿಗೆ ಹರಿಯಿತು. ಧಾರವಾಡದ ಬಳಿಯ ಮನ್ಸೂರಿನ ಮಲ್ಲಿಕಾರ್ಜುನರು ಮಿರಜದ ನೀಲಕಂಠಬುವಾ ಅವರಲ್ಲಿ ಕಲಿತು, ಅನಂತರ ಅಲ್ಲಾದಿಯಾಖಾನರ ಮಕ್ಕಳಾದ ಮಂಜಿಖಾನ, ಬುರ್ಜಿಖಾನರಲ್ಲಿ ಕಲಿತರು.

ಕೊನೆಯ ಭಾಗ ಕೊಲ್ಹಾಪುರದ್ದು. ಅಲ್ಲಾದಿಯಾಖಾನರು ಶಾಹೂ ಮಹಾರಾಜರ ಆಸ್ಥಾನಗಾಯಕರು. ಅವರ ಶಿಷ್ಯೆ ಕೇಸರಬಾಯಿ ಕೇರಕರರು ಭೈರವಿ ರಾಗದಲ್ಲಿ ಹಾಡಿದ ಒಂದು ಮುದ್ರಿಕೆಯನ್ನು ಅಮೆರಿಕೆಯವರು ೧೯೭೭ರಲ್ಲಿ ವಾಯೇಜರ್ ಎಂಬ ಎರಡು ನೌಕೆಗಳಲ್ಲಿರಿಸಿ ಸೌರಮಂಡಲದ ಆಚೆಗೆ ಹೋಗುವ ದಾರಿಗೆ ಹಚ್ಚಿದರು. ಭೂಮಿಯ ಸಂಗೀತವೆಂದು ಆಯ್ದ ೨೭ ತುಣುಕುಗಳಲ್ಲಿ ಅದೂ ಒಂದು. ವಾಯೇಜರ್ ೧ ಹೊರಟುದು ಸೆಪ್ಟೆಂಬರ ೫ರಂದು. ಕೇಸರಬಾಯಿಯವರು ತೀರಿಕೊಂಡುದು ಅದೇ ತಿಂಗಳ ೧೬ರಂದು. ಅದೇ ಮುದ್ರಿಕೆಯಲ್ಲಿ ೫೫ ಭಾಷೆಗಳ ಕುಶಲವಚನಗಳಿವೆ. ಅವುಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಇಲ್ಲಿ ನಿರೂಪಕನು ಯಾವ ನೀತಿಯನ್ನೂ ಹೇಳಬೇಕಾಗಿಲ್ಲ. ಎರಡು ಭಾಷೆಗಳ ಆ ಎರಡು ದನಿಗಳನ್ನು ಒಂದರ ಹಿಂದೊಂದು ಕೇಳಿಸಿದರಾಯಿತು. ಸ್ಥಳೀಯ ಚರಿತ್ರೆಯು ಜಗತ್ತಿನ ಚರಿತ್ರೆಯಾಗುವ ಕ್ರಮವನ್ನು ಮಕ್ಕಳು ತಾವೇ ಕಾಣುತ್ತಾರೆ.

೫. ಪರಭಾಷೆಯ ದನಿ

ವಿದೇಶದವನೊಬ್ಬನ ಮಾತನ್ನು ಕೇಳಿಸುವಾಗ ಒಳ್ಳೆಯ ಸಾಕ್ಷ್ಯರೂಪಕಕಾರರು ಒಂದು ಕ್ರಮವನ್ನು ಅನುಸರಿಸುತ್ತಾರೆ. ಮೊದಲು ಅವನ ಸ್ವಂತ ಭಾಷೆಯ ಒಂದೆರಡು ವಾಕ್ಯಗಳನ್ನು ಹಾಗೆಯೇ ಕೇಳಗೊಡುತ್ತಾರೆ. ಅನಂತರ ಆ ದನಿಯನ್ನು ತಗ್ಗಿಸಿ, ಅದರ ಮೇಲೆ ಅನುವಾದವನ್ನು ಓದಿಸುತ್ತಾರೆ. ಕೊನೆಗೆ ಮತ್ತೆ ಮೂಲದನಿಯನ್ನು ಮೇಲಕ್ಕೆ ತಂದು ಮುಗಿಸುತ್ತಾರೆ. ಅನುವಾದವಷ್ಟನ್ನೇ ಓದಿಸಿದ್ದರೆ ಸಮಯವು ಉಳಿಯುತ್ತಿದ್ದಿತಲ್ಲವೆ ಎಂದು ಯಾರಾದರೂ ಕೇಳಬಹುದು. ಸಮಯ ಉಳಿಯುತ್ತದೆ, ಮನುಷ್ಯನು ಉಳಿಯುವುದಿಲ್ಲ. ಅರ್ಥವಾಗದ ಭಾಷೆಯಲ್ಲಿಯೂ ದುಃಖವೋ ಸಿಟ್ಟೋ ಹಾಸ್ಯವೋ ತಿಳಿಯುತ್ತದೆ. ಅರ್ಥವಾಗುವ ಮೊದಲೇ ಆ ಮನುಷ್ಯನಿಗೆ ನಾವು ಕಿವಿಗೊಟ್ಟಂತಾಗುತ್ತದೆ.

ನಮ್ಮ ಭಾಗದ ಮನೆಗಳಲ್ಲಿ ಈ ಕ್ರಮ ದಿನವೂ ನಡೆಯುತ್ತದೆ. ಅಜ್ಜಿ ಕನ್ನಡದಲ್ಲಿ ಹೇಳಿದುದನ್ನು ಸೊಸೆ ಮರಾಠಿಯಲ್ಲಿ ಮೊಮ್ಮಗುವಿಗೆ ಹೇಳುತ್ತಾಳೆ. ಸಂತೆಯಲ್ಲಿ ಬೆಲೆಯನ್ನು ಒಂದು ಭಾಷೆಯಲ್ಲಿ ಕೇಳಿ ಚೌಕಾಶಿಯನ್ನು ಇನ್ನೊಂದರಲ್ಲಿ ಮಾಡುತ್ತಾರೆ. ಇದನ್ನು ಕೆಲವರು ಭಾಷೆಯ ಕೆಡುಕೆಂದು ಭಾವಿಸುತ್ತಾರೆ. ನಮ್ಮ ಮತದಲ್ಲಿ ಇದೊಂದು ಶಿಕ್ಷಣ. ಆದರೆ ಮೂಲದನಿಯು ಕೇಳಿಸುತ್ತಿರುವವರೆಗೆ ಮಾತ್ರ ಅದು ಶಿಕ್ಷಣ. ಅನುವಾದವೊಂದೇ ಉಳಿದು ಅಜ್ಜಿಯ ದನಿ ಅಡಗಿದರೆ ಮೊಮ್ಮಗುವಿಗೆ ತಾನು ಕಳೆದುಕೊಂಡುದು ಏನೆಂಬುದೇ ತಿಳಿಯುವುದಿಲ್ಲ. ಕನ್ನಡ ಶಾಲೆಗಳ ತರಗತಿಗಳಲ್ಲಿ ಮಕ್ಕಳು ಕಡಿಮೆಯಾದಾಗ ನಾವು ಅಂಜುವುದು ಇದಕ್ಕಾಗಿಯೇ.

೬. ವಿವೇಕದಿಂದ ಕೇಳುವುದು

ಸಾಕ್ಷ್ಯರೂಪಕದಲ್ಲಿ ಬರುವುದೆಲ್ಲವೂ ನಿಜವೆಂದು ಒಪ್ಪಬೇಕಾಗಿಲ್ಲ. ದನಿ ನಿಜವಾದರೂ ಅದನ್ನು ಎಲ್ಲಿ ಕತ್ತರಿಸಿದರು, ಯಾವುದರ ಪಕ್ಕಕ್ಕೆ ಜೋಡಿಸಿದರು ಎಂಬುದರಿಂದ ಅರ್ಥವು ಬದಲಾಗಬಲ್ಲುದು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ಲರು ೧೯೪೧ರಿಂದ ೧೯೪೩ರವರೆಗೆ ಬಿ.ಬಿ.ಸಿ.ಯಲ್ಲಿದ್ದು ಭಾರತದ ಶ್ರೋತೃಗಳಿಗಾಗಿ ಕಾರ್ಯಕ್ರಮಗಳನ್ನು ಸಿದ್ಧಪಡಿಸಿದರು. ಸಾಹಿತ್ಯದ ಉತ್ತಮ ಚರ್ಚೆಗಳು ಅವುಗಳಲ್ಲಿದ್ದುವು. ಆದರೆ ಭಾರತೀಯರ ಮನಸ್ಸನ್ನು ಯುದ್ಧದ ಕಡೆಗೆ ಒಲಿಸುವುದೂ ಆ ಸೇವೆಯ ಉದ್ದೇಶವಾಗಿದ್ದಿತು. ನಮ್ಮ ದೇಶದಲ್ಲಿಯೂ ೧೯೭೫ರಿಂದ ೧೯೭೭ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಬಾನುಲಿಯಿಂದ ಸರಕಾರದ ಪಕ್ಷದ ಮಾತೇ ಕೇಳಿಸುತ್ತಿದ್ದಿತು. ಪ್ರಸಾರ ಭಾರತಿಯೆಂಬ ಪ್ರತ್ಯೇಕ ನಿಗಮವು ನೆಲೆಗೊಂಡುದು ೧೯೯೭ರಲ್ಲಿ.

ಆದುದರಿಂದ ಕೇಳಿದ ಮೇಲೆ ಮಕ್ಕಳಿಂದ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಸಬೇಕು. ಇದರಲ್ಲಿ ಮಾತನಾಡಿದವರು ಯಾರು? ಮಾತನಾಡಬೇಕಾಗಿದ್ದು ಮಾತನಾಡದವರು ಯಾರು? ಇದನ್ನು ಸಿದ್ಧಪಡಿಸಲು ಹಣ ಕೊಟ್ಟವರು ಯಾರು? ಗಡಿಯ ಪ್ರಶ್ನೆಯ ವಿಷಯವಾಗಿ ಎರಡೂ ಕಡೆಯ ಮಾತುಗಳನ್ನು ಕೇಳುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಈ ಅಭ್ಯಾಸ ಬೇರೆಯವರಿಗಿಂತ ಹೆಚ್ಚು ಅವಶ್ಯಕ.

೭. ಶಾಲೆಯಲ್ಲಿ ಮಾಡಬಹುದಾದುದು

ಕೂಡಿ ಕೇಳುವ ಪದ್ಧತಿಗೆ ನಮ್ಮ ಸಮೀಪದಲ್ಲಿಯೇ ಉದಾಹರಣೆಯುಂಟು. ೧೯೫೬ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಆಕಾಶವಾಣಿಯು ೧೫೦ ಹಳ್ಳಿಗಳಲ್ಲಿ ಗ್ರಾಮೀಣ ಶ್ರೋತೃಸಂಘಗಳನ್ನು ಏರ್ಪಡಿಸಿತು. ವಾರಕ್ಕೆ ಎರಡು ಸಾರಿಯಂತೆ ಹತ್ತು ವಾರ ಅರ್ಧರ್ಧ ಗಂಟೆಯ ಕಾರ್ಯಕ್ರಮ. ಕೇಳಿದ ಮೇಲೆ ಚರ್ಚೆ. ಚರ್ಚೆಯ ಮೇಲೆ ಕೃತಿ. ಬರಿದೆ ಕೇಳಿದವರಿಗಿಂತ ಕೂಡಿ ಚರ್ಚಿಸಿದವರು ಹೆಚ್ಚು ಕಲಿತರೆಂಬುದು ಅದರಿಂದ ಕಂಡುಬಂದಿತು. ಇದೇ ರೀತಿಯಲ್ಲಿ ವಾರಕ್ಕೊಂದು ಅವಧಿಯನ್ನು ಇಟ್ಟುಕೊಳ್ಳಬಹುದು. ಕೇಳುವ ಮೊದಲು ಭೂಪಟದಲ್ಲಿ ಆ ದೇಶವನ್ನು ತೋರಿಸಬೇಕು. ಹತ್ತು ನಿಮಿಷಗಳಿಗಿಂತ ಹೆಚ್ಚು ಕೇಳಿಸಬಾರದು. ಕೇಳುವಾಗ ಟಿಪ್ಪಣಿಯನ್ನು ಬರೆಯಗೊಡದೆ, ಮುಗಿದ ಮೇಲೆ ನೆನಪಿನಿಂದ ಬರೆಸಬೇಕು.

ಎರಡನೆಯ ಕೆಲಸ ಸಂಗ್ರಹದ್ದು. ಇದು ಹೆಚ್ಚು ತುರ್ತಿನದು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿ ಕನ್ನಡ ಹೆಣ್ಣುಮಕ್ಕಳ ಬೀಸುವ ಪದಗಳನ್ನು ಉಳಿಸಿದರು. ಆ ಪದಗಳು ನಮಗೆ ದೊರೆತಿವೆ, ಹಾಡಿದ ತಾಯಂದಿರ ದನಿ ದೊರೆತಿಲ್ಲ. ಮರಾಠಿಯಲ್ಲಿ ಹೇಮಾ ರಾಯಿರಕರ ಮತ್ತು ಗಿ ಪೊಯಟ್ವಾಂ ಅವರು ಬೀಸುವ ಕಲ್ಲಿನ ಓವಿಗಳನ್ನು ಲಕ್ಷಕ್ಕೂ ಮಿಕ್ಕಿ ಸಂಗ್ರಹಿಸಿದರು. ಅಲ್ಲಿ ಸಾವಿರಾರು ಹಾಡುಗಳ ಧ್ವನಿಯೂ ಉಳಿದಿದೆ. ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿಯಾಗಿ ಹಾಡುವ ನಮ್ಮ ಗಡಿಭಾಗದ ಮುದುಕಿಯ ಹಾಡನ್ನು ಕನ್ನಡದವರು ಮರಾಠಿಯೆಂದೂ ಮರಾಠಿಯವರು ಕನ್ನಡವೆಂದೂ ಬಿಟ್ಟುಬಿಡುವ ಸಂಭವವೇ ಹೆಚ್ಚು. ಅದನ್ನು ನಾವು ಸಂಗ್ರಹಿಸದಿದ್ದರೆ ಇನ್ನಾರೂ ಸಂಗ್ರಹಿಸುವುದಿಲ್ಲ.

ಮಗ್ಗದ ವಿಷಯವೂ ಹೀಗೆಯೇ. ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗ ೧೯೦೪ರಲ್ಲಿ ಬಂದಿತು. ಅದರ ಲಾಳಿಯ ಖಟಖಟ ಸಪ್ಪಳದಲ್ಲಿ ನಮ್ಮ ಭಾಗದ ನಾಲ್ಕು ತಲೆಮಾರುಗಳು ಬೆಳೆದಿವೆ. ಈಗ ಲಾಳಿಯಿಲ್ಲದ ಹೊಸ ಮಗ್ಗಗಳು ಬರುತ್ತಿವೆ. ಹಳೆಯ ಮಗ್ಗವು ಗುಜರಿಗೆ ಹೋಗುವ ಮೊದಲು ಅದರ ಸಪ್ಪಳವನ್ನೂ, ಅದನ್ನು ನಡೆಸಿದವನ ಮಾತನ್ನೂ ಹಿಡಿದಿಡಬೇಕು.

ಇದಕ್ಕೆ ಬೇಕಾದ ಯಂತ್ರ ಈಗ ಪ್ರತಿಯೊಬ್ಬ ಶಿಕ್ಷಕನ ಜೇಬಿನಲ್ಲಿದೆ. ಪಾಲಿಸಬೇಕಾದ ನಿಯಮಗಳು ಕೆಲವೇ. ಮೊದಲು ಹೇಳುವವರ ಒಪ್ಪಿಗೆಯನ್ನು ಪಡೆಯಬೇಕು. ಅವರು ಬೇಡವೆಂದ ಭಾಗವನ್ನು ಹೊರಗೆಡಹಬಾರದು. ಆರಂಭದಲ್ಲಿ ಹೆಸರು, ಊರು, ದಿನಾಂಕಗಳನ್ನು ದನಿಯಲ್ಲಿಯೇ ದಾಖಲಿಸಬೇಕು. ಮಗ್ಗದ ಪಕ್ಕದಲ್ಲಿ ಮಾತನಾಡಿಸಬಾರದು; ಮಾತನ್ನು ಒಳಕೋಣೆಯಲ್ಲಿ, ಮಗ್ಗದ ಸಪ್ಪಳವನ್ನು ಬೇರೆಯಾ‌ಗಿ ಒಂದು ನಿಮಿಷ, ಹೀಗೆ ಎರಡು ಸಾರಿ ಮುದ್ರಿಸಿಕೊಳ್ಳಬೇಕು. ‘ಹೌದು’, ‘ಅಲ್ಲ’ ಎಂಬ ಉತ್ತರ ಬರುವ ಪ್ರಶ್ನೆಯನ್ನು ಬಿಟ್ಟು, ‘ಅಂದು ಏನಾಯಿತು, ಹೇಳಿರಿ’ ಎಂದು ಕೇಳಿ ಸುಮ್ಮನಿರಬೇಕು. ಅವರ ಮಾತು ನಿಂತಾಗ ಮುಂದಿನ ಪ್ರಶ್ನೆಗೆ ಅವಸರ ಪಡಬಾರದು. ಬಹಳ ಸಾರಿ ಮುಖ್ಯವಾದ ಮಾತು ಆ ಮೌನದ ಆಚೆ ಇರುತ್ತದೆ. ಅವರು ಯಾವ ಭಾಷೆಯಲ್ಲಿ ತೊಡಗಿದರೋ ಅದರಲ್ಲಿಯೇ ಮುಂದುವರಿಯಗೊಡಬೇಕು, ತಿದ್ದಬಾರದು. ಮೂಲಮುದ್ರಿಕೆಯನ್ನು ಕತ್ತರಿಸದೆ, ಎರಡು ಕಡೆ ಕಾದಿಡಬೇಕು.

ನಮ್ಮ ಸಂಘದ ಸದಸ್ಯರಿಗೆ ಒಂದು ಸೂಚನೆಯನ್ನು ಮಾಡಿ ಈ ಲೇಖನವನ್ನು ಮುಗಿಸುತ್ತೇವೆ. ಪ್ರತಿಯೊಂದು ಶಾಲೆಯೂ ಈ ವರ್ಷದಲ್ಲಿ ತನ್ನ ಊರಿನ ಹತ್ತು ಮಂದಿ ವೃದ್ಧರ ದನಿಯನ್ನು ಮುದ್ರಿಸಿಕೊಳ್ಳಲಿ. ಅವುಗಳ ಪಟ್ಟಿಯನ್ನು ಸಂಘಕ್ಕೆ ಕಳುಹಿಸಲಿ. ಮುಂದಿನ ಸ್ಮರಣಸಂಚಿಕೆಯಲ್ಲಿ ಆ ಪಟ್ಟಿ ಅಚ್ಚಾಗಲಿ. ಹತ್ತು ದನಿಗಳು ಸಣ್ಣ ಸಂಖ್ಯೆಯೇ ಸರಿ. ಆದರೆ ಗಡಿಯನ್ನು ಕುರಿತು ಬರೆದ ವರದಿಗಳು ಕಪಾಟುಗಳಲ್ಲಿ ಬೇಕಾದಷ್ಟಿವೆ. ಗಡಿಯಲ್ಲಿ ಬಾಳಿದವರ ದನಿಗಳ ಕಪಾಟು ಇನ್ನು ಆಗಬೇಕಾಗಿದೆ. ಆ ಕೆಲಸವನ್ನು ಮಾಡಲು ಊರಿನ ಪ್ರತಿ ಮನೆಯನ್ನೂ ಎರಡೂ ಭಾಷೆಗಳನ್ನೂ ಬಲ್ಲ ಶಿಕ್ಷಕರಿಗಿಂತ ತಕ್ಕವರು ಬೇರೆ ಇಲ್ಲ.